ಹೊಗಳಿಕೆಯೊಳಗಿನ ತಪ್ಪು ತಿಳಿವಳಿಕೆ

‘ನಿಮ್ಮದು ಕೊಡಗಾ? ಹಾಗಾದರೆ ಮನೆಯಲ್ಲಿ ಕೋವಿ ಇರಬೇಕಲ್ಲ!’

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಊರಿನ ಹೆಸರು ಹೇಳಿದ ಕೂಡಲೇ ನಮ್ಮ ಕಡೆಯವರು ಕೇಳಿಸಿಕೊಳ್ಳುವ ಮೊದಲ ಮಾತು ಇದು. ಆಮೇಲೆ ಹಂದಿ ಮಾಂಸದ ಸಾರು, ಪಂದಿಕರಿಯ ವಿಚಾರ ಬರುತ್ತದೆ. ಮನೆಯಲ್ಲಿ ಎಷ್ಟು ಮಂದಿ ಮಿಲಿಟರಿಯಲ್ಲಿದ್ದಾರೆ ಎಂದು ಕೇಳುತ್ತಾರೆ. ಸ್ವಲ್ಪ ಓದಿಕೊಂಡವರಾದರೆ ಕೊಡವರು ಅಲೆಗ್ಸಾಂಡರನ ಸೈನಿಕರ ವಂಶದವರು ಎಂಬ ಕಥೆಯನ್ನೂ ತೆಗೆಯುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಮೆಚ್ಚುಗೆಯಿಂದಲೇ ಕೇಳುತ್ತಾರೆ. ಕಷ್ಟವಿರುವುದೂ ಅಲ್ಲೇ. ಬೈದವರಿಗೆ ತಿರುಗಿ ಉತ್ತರ ಕೊಡಬಹುದು. ಹೊಗಳಿದವರಿಗೆ ‘ಅದು ಹಾಗಲ್ಲ’ ಎನ್ನುವುದಕ್ಕೆ ನಾಲಿಗೆ ಏಳುವುದಿಲ್ಲ.

ಈ ಸಂಕಟ ನಮ್ಮದು ಮಾತ್ರವಲ್ಲ. ಜರ್ಮನರನ್ನೇ ನೋಡಿ. ಜಗತ್ತು ಅವರಿಗೆ ಒಂದು ವೇಷ ತೊಡಿಸಿಟ್ಟಿದೆ: ತೊಗಲಿನ ಚಡ್ಡಿ, ಕೈಯಲ್ಲಿ ಬಿಯರಿನ ದೊಡ್ಡ ಲೋಟ, ಕಣ್ಣು ಸದಾ ಗಡಿಯಾರದ ಮೇಲೆ, ಮುಖದಲ್ಲಿ ನಗು ಇಲ್ಲ. ಆ ಚಡ್ಡಿ ದಕ್ಷಿಣದ ಬವೇರಿಯದ ಮತ್ತು ಆಲ್ಪ್ಸ್ ತಪ್ಪಲಿನ ಉಡುಪು. ಜರ್ಮನಿಯಲ್ಲಿ 16 ರಾಜ್ಯಗಳಿವೆ. ಉತ್ತರದ ಕಡಲ ತೀರದವನಿಗೆ ಆ ಚಡ್ಡಿ ನಮಗೆಷ್ಟು ಹೊಸದೋ ಅಷ್ಟೇ ಹೊಸದು. ಸಮಯಪಾಲನೆಯ ಮಾತಿಗೆ ಬಂದರೆ, 2024ರಲ್ಲಿ ಅಲ್ಲಿನ ರೈಲ್ವೆಯ ದೂರ ಪ್ರಯಾಣದ ಗಾಡಿಗಳಲ್ಲಿ ವೇಳೆಗೆ ಸರಿಯಾಗಿ ಓಡಿದ್ದು ಶೇ 62.5 ಮಾತ್ರ. ಅದೂ ಆರು ನಿಮಿಷದೊಳಗಿನ ವಿಳಂಬವನ್ನು ವಿಳಂಬವೆಂದು ಲೆಕ್ಕಕ್ಕೆ ಹಿಡಿಯದೆ. ನಗುವುದಿಲ್ಲ ಎನ್ನುವವರು ಕಲೋನಿನ ಕಾರ್ನಿವಲ್ ದಿನಗಳಲ್ಲಿ ಆ ಊರಿನ ಬೀದಿಗೆ ಇಳಿದು ನೋಡಬೇಕು.

ಜರ್ಮನರನ್ನು ನಿಜವಾಗಿ ನೋಯಿಸುವುದು ಈ ಬಗೆಯ ಮಾತುಗಳಲ್ಲ, ಒಂದು ಹೊಗಳಿಕೆ. ನಮ್ಮ ದೇಶದಲ್ಲಿ ಜರ್ಮನಿಯ ಅತಿಥಿಯೊಬ್ಬರು ಸಿಕ್ಕರೆ ಸಾಕು, ‘ಹಿಟ್ಲರನಂಥ ಶಿಸ್ತು ನಮಗೂ ಬೇಕಿತ್ತು ನೋಡಿ’ ಎನ್ನುವವರು ಇದ್ದಾರೆ. ಅತಿಥಿಗೆ ಸಂತೋಷವಾಗಲಿ ಎಂದೇ ಹಾಗೆ ಹೇಳುತ್ತಾರೆ. ಆದರೆ ಆ ದೇಶದಲ್ಲಿ ನಾಜಿ ಚಿಹ್ನೆಗಳ ಪ್ರದರ್ಶನ ಅಪರಾಧ, ಯಹೂದಿಗಳ ಮಾರಣಹೋಮ ನಡೆಯಲೇ ಇಲ್ಲ ಎನ್ನುವುದೂ ಅಪರಾಧ. ಗುಂಟರ್ ಡೆಮ್ನಿಗ್ ಎಂಬ ಕಲಾವಿದರು ನಾಜಿಗಳ ಕೈಗೆ ಸಿಕ್ಕಿ ಸತ್ತವರು, ಓಡಿಸಲ್ಪಟ್ಟವರು ವಾಸವಿದ್ದ ಮನೆಗಳ ಮುಂದೆ, ಅವರ ಹೆಸರು ಕೊರೆದ ಹಿತ್ತಾಳೆಯ ಪುಟ್ಟ ಫಲಕಗಳನ್ನು ಕಾಲುದಾರಿಯಲ್ಲಿ ಹುದುಗಿಸುತ್ತ ಬಂದಿದ್ದಾರೆ. 2023ರ ಹೊತ್ತಿಗೆ ಯುರೋಪಿನ ತುಂಬ ಅಂಥ ಒಂದು ಲಕ್ಷ ಫಲಕಗಳಾಗಿವೆ. ಮನೆಯಿಂದ ಹೊರಗೆ ಕಾಲಿಟ್ಟರೆ ಅಜ್ಜನ ಕಾಲದ ಪಾಪ ಓದಿಸಿಕೊಳ್ಳುವ ಊರಿನಿಂದ ಬಂದ ಮನುಷ್ಯನ ಎದುರು ನಾವು ಹಿಟ್ಲರನನ್ನು ಹೊಗಳುತ್ತೇವೆ. ಅವರು ತಲೆ ತಗ್ಗಿಸಿ ಸುಮ್ಮನಾದರೆ ‘ಜರ್ಮನರು ಬಿಗಿ ಜನ’ ಎಂದು ತೀರ್ಮಾನಿಸುತ್ತೇವೆ.

ಕೊಡಗಿನಲ್ಲಿ ಕುಳಿತು ಜರ್ಮನರ ಮಾತೇಕೆ ಎಂದರೆ, ಇಬ್ಬರ ನಡುವೆ ಹಳೆಯ ಒಂದು ನಂಟಿದೆ. ಕೊಡಗಿನ ಬಗ್ಗೆ ಹೊರಜಗತ್ತು ಓದಿದ ಮೊದಮೊದಲ ಪುಸ್ತಕಗಳನ್ನು ಬರೆದವರಲ್ಲಿ ಜರ್ಮನರು ಪ್ರಮುಖರು. ಹರ್ಮನ್ ಮೋಗ್ಲಿಂಗ್ 1836ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದವರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡಕ್ಕೆ ಪತ್ರಿಕೆಯೆಂಬುದನ್ನೇ ಕೊಟ್ಟವರು. ನೀವು ಈ ಅಂಕಣ ಓದುತ್ತಿರುವುದರ ಹಿಂದೆಯೂ ಅವರ ಋಣವಿದೆ. 1850ರ ದಶಕದಲ್ಲಿ ಅವರು ಘಟ್ಟ ಹತ್ತಿ ಕೊಡಗಿಗೆ ಬಂದರು. 1855ರಲ್ಲಿ ‘ಕೂರ್ಗ್ ಮೆಮಾಯರ್ಸ್’ ಬರೆದರು. ಆಮೇಲೆ ಮಡಿಕೇರಿಯ ಶಾಲೆಯ ಮುಖ್ಯಸ್ಥರಾಗಿದ್ದ ಜಾರ್ಜ್ ರಿಕ್ಟರ್ 1870ರಲ್ಲಿ ‘ಮ್ಯಾನ್ಯುಯಲ್ ಆಫ್ ಕೂರ್ಗ್’ ಎಂಬ ದಪ್ಪ ಗ್ರಂಥವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಗ್ರೇಟರ್ ಎಂಬವರು ಕೊಡವ ಹಾಡುಗಳನ್ನು ಸಂಗ್ರಹಿಸಿದರು. 1894ರ ಕನ್ನಡ–ಇಂಗ್ಲಿಷ್ ನಿಘಂಟಿನ ಫರ್ಡಿನೆಂಡ್ ಕಿಟೆಲ್ ಕೂಡ ಕೆಲಕಾಲ ಮಡಿಕೇರಿಯಲ್ಲಿದ್ದವರೇ.

ಇವರನ್ನು ನಾವು ಜರ್ಮನರು ಎಂದು ಒಟ್ಟಿಗೆ ಕರೆಯುತ್ತೇವೆ. ಮೋಗ್ಲಿಂಗ್ ಕೊಡಗಿನ ಪುಸ್ತಕ ಬರೆಯುವಾಗ ಜರ್ಮನಿ ಎಂಬ ದೇಶವೇ ಇರಲಿಲ್ಲ. ಅದು ಒಂದಾದದ್ದು 1871ರಲ್ಲಿ. ಮೋಗ್ಲಿಂಗ್ ದಕ್ಷಿಣದ ವುರ್ಟೆಂಬರ್ಗ್ ರಾಜ್ಯದ ಪ್ರಜೆ. ಕಿಟೆಲ್ ಹುಟ್ಟಿದ್ದು ಉತ್ತರದ ಕಡಲಂಚಿನ ಈಸ್ಟ್ ಫ್ರೀಸಿಯದಲ್ಲಿ. ಆ ಸೀಮೆ ಹೆಸರಾಗಿರುವುದು ಬಿಯರಿಗಲ್ಲ, ಚಹಾಕ್ಕೆ. ಚಹಾ ಕುಡಿಯುವುದರಲ್ಲಿ ಜಗತ್ತಿನಲ್ಲೇ ಮುಂದಿರುವವರಲ್ಲಿ ಅಲ್ಲಿನ ಜನ ಸೇರುತ್ತಾರೆ. ಉಳಿದ ಜರ್ಮನರು ಅವರ ಮೇಲೆ ಕಟ್ಟಿರುವ ಜೋಕುಗಳಿಗಂತೂ ಲೆಕ್ಕವಿಲ್ಲ. ಒಬ್ಬರ ಆಡುಮಾತು ಇನ್ನೊಬ್ಬರಿಗೆ ಸಲೀಸಾಗಿ ತಿಳಿಯದಷ್ಟು ದೂರ ದೂರದ ಎರಡು ನಾಡುಗಳಿಂದ ಬಂದವರು ನಮ್ಮ ಕಣ್ಣಿಗೆ ಒಂದೇ ಜನವಾದರು.

ಅವರ ಕಣ್ಣಿಗೂ ನಾವು ಹಾಗೆಯೇ ಕಂಡೆವು. ಈ ಪಾದ್ರಿಗಳ ಶ್ರಮವನ್ನು ನಾನು ಹಗುರ ಮಾಡುವುದಿಲ್ಲ. ಅವರು ಬರೆದಿಡದಿದ್ದರೆ ಕಳೆದುಹೋಗುತ್ತಿದ್ದ ಸಂಗತಿಗಳು ಎಷ್ಟೋ. ಕೊಡಗಿನ ಅರಸ ದೊಡ್ಡವೀರರಾಜೇಂದ್ರನು ಬರೆಸಿದ ‘ರಾಜೇಂದ್ರನಾಮೆ’ಯನ್ನು ಅಚ್ಚಿಗೆ ತಂದವರೂ ಮೋಗ್ಲಿಂಗರೇ. ಆದರೆ ಅವರೂ ಅವರ ಕಾಲದ ಇಂಗ್ಲಿಷ್ ಅಧಿಕಾರಿಗಳೂ ಕೊಡವರ ಮೈಕಟ್ಟು, ಧೈರ್ಯ, ಬೇಟೆ, ಸ್ವಾಭಿಮಾನಗಳನ್ನು ಮನಸಾರೆ ಹೊಗಳಿದರು. ಆ ಹೊಗಳಿಕೆ ಒಂದು ಪುಸ್ತಕದಿಂದ ಇನ್ನೊಂದಕ್ಕೆ, ಗೆಜೆಟಿಯರಿನಿಂದ ಪಠ್ಯಕ್ಕೆ, ಪಠ್ಯದಿಂದ ಇಂದಿನ ರೆಸಾರ್ಟಿನ ಜಾಹೀರಾತಿಗೆ ದಾಟಿಕೊಂಡು ಬಂತು. ಬ್ರಿಟಿಷರು ಅದಕ್ಕೆ ‘ಯೋಧ ಜನಾಂಗ’ ಎಂಬ ಮುದ್ರೆ ಒತ್ತಿದರು. ಕೆಲವು ಜನಾಂಗದವರು ಹುಟ್ಟಿನಿಂದಲೇ ಸೈನಿಕರು, ಉಳಿದವರು ಅಲ್ಲ ಎಂಬ ಆ ಸಿದ್ಧಾಂತ ಸೈನ್ಯಕ್ಕೆ ಆಳು ಸೇರಿಸಿಕೊಳ್ಳುವವರ ಅನುಕೂಲಕ್ಕೆ ಹುಟ್ಟಿದ್ದು.

ಆ ಸಿದ್ಧಾಂತಕ್ಕೆ ಏನಾಯಿತು ಎಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ. 20ನೇ ಶತಮಾನದ ಆರಂಭದಲ್ಲಿ ಸರ್ಕಾರ 71ನೇ ಕೂರ್ಗ್ ರೈಫಲ್ಸ್ ಎಂಬ ತುಕಡಿಯನ್ನು ಕಟ್ಟಿತು. ಸೇರುವವರು ಸಾಕಷ್ಟು ಸಿಗದೆ 1904ರಲ್ಲಿ ಅದನ್ನು ವಿಸರ್ಜಿಸಬೇಕಾಯಿತು. ಹುಟ್ಟಾ ಸೈನಿಕರ ನಾಡಿನಲ್ಲಿ ಒಂದು ರೆಜಿಮೆಂಟಿಗೆ ಜನ ಸಾಲಲಿಲ್ಲ. ಸೇನೆಯ ಮುಖ್ಯಸ್ಥರಾದ ಕಾರ್ಯಪ್ಪ, ತಿಮ್ಮಯ್ಯ ಬಂದದ್ದು ಆಮೇಲೆ. 1949ರ ಜನವರಿ 15ರಂದು ಕೆ.ಎಂ. ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು; ಆ ದಿನವನ್ನು ಇಂದಿಗೂ ಸೇನಾ ದಿನವೆಂದು ಆಚರಿಸುತ್ತೇವೆ. 1965ರ ಯುದ್ಧದಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ವಿಮಾನ ಹಾರಿಸಿಕೊಂಡು ಪಾಕಿಸ್ತಾನದ ಸರ್ಗೋಧಾಕ್ಕೆ ಹೋದವರು ಮರಳಿ ಬರಲಿಲ್ಲ. ಇವರ ಸಾಧನೆಯನ್ನು ರಕ್ತದ ಗುಣ ಎಂದು ಹೇಳಿ ಮುಗಿಸಿದರೆ ಅವರ ಓದು, ಅಭ್ಯಾಸ, ತೀರ್ಮಾನ, ತ್ಯಾಗಗಳನ್ನೆಲ್ಲ ಅವರಿಂದ ಕಿತ್ತುಕೊಂಡಂತೆ. ರಕ್ತದಲ್ಲೇ ಧೈರ್ಯ ಬಂದಿದ್ದರೆ ದೇವಯ್ಯನವರದು ಏನು ದೊಡ್ಡದು? ಅವರಿಗೂ ಭಯವಿದ್ದಿರಬೇಕು. ಅದನ್ನು ಮೀರಿ ಹೋದದ್ದರಿಂದ ಅವರು ದೊಡ್ಡವರು.

ಕೋವಿಯ ವಿಚಾರವನ್ನೂ ಹೇಳಿಬಿಡುತ್ತೇನೆ. 1861ರಿಂದ ಕೊಡವರಿಗೂ ‘ಜಮ್ಮಾ’ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಜಮ್ಮಾ ಹಿಡುವಳಿದಾರರೆಂದರೆ ಕೊಡವರು ಮಾತ್ರವಲ್ಲ, ಗೌಡರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ವಿನಾಯಿತಿ ಇದೆಯೆಂದು ಯಾರು ಬೇಕಾದರೂ ಪೇಟೆಯಲ್ಲಿ ಕೊಂಡು ಹೆಗಲಿಗೆ ಹಾಕಿಕೊಂಡು ಬರುವ ಹಾಗಿಲ್ಲ; ಜಿಲ್ಲಾಡಳಿತದಿಂದ ವಿನಾಯಿತಿ ಪತ್ರ ಪಡೆಯಬೇಕು. ಆಯುಧಗಳ ಹಬ್ಬವಾದ ಕೈಲ್‌ಪೊಳ್ದಿನ ದಿನ ಕೋವಿಗೆ ಹೂವಿಟ್ಟು ಪೂಜೆ, ಸುಗ್ಗಿಯ ಹಬ್ಬ ಪುತ್ತರಿಗೆ ಕದಿರು ತೆಗೆಯುವಾಗ ಒಂದು ಗುಂಡು, ಮನೆಯಲ್ಲಿ ಸಾವಾದರೆ ಗುಂಡಿನ ಸದ್ದಿನಿಂದಲೇ ಊರಿಗೆ ಸುದ್ದಿ. ಆಚರಣೆಯ ಅಂಗವಾಗಿರುವ ಈ ವಸ್ತುವನ್ನು ಸಿನಿಮಾಗಳು ಜಗಳಕ್ಕೆ ಎತ್ತುವ ಆಯುಧವನ್ನಾಗಿ ಮಾತ್ರ ತೋರಿಸಿವೆ.

ಅಲೆಗ್ಸಾಂಡರನ ಕಥೆ ನನಗೆ ಎಲ್ಲಕ್ಕಿಂತ ಬೇಸರ ತರಿಸುವುದು. ಕ್ರಿಸ್ತಪೂರ್ವ 326ರಲ್ಲಿ ಅವನ ಸೈನಿಕರು ಪಂಜಾಬಿನ ಬಿಯಾಸ್ ನದಿಯ ದಡದಲ್ಲಿ ‘ಇನ್ನು ಮುಂದೆ ಬರಲಾರೆವು’ ಎಂದು ನಿಂತರು, ಹಿಂತಿರುಗಿದರು. ಬಿಯಾಸಿನಿಂದ ಕೊಡಗಿನ ಬ್ರಹ್ಮಗಿರಿಗೆ ಎಷ್ಟು ದೂರ ಎಂದು ನಕಾಶೆ ಬಿಡಿಸಿ ನೋಡಿದರೆ ಸಾಕು. ಕೊಡವ ಗಂಡಸರು ತೊಡುವ ಕುಪ್ಯ ಅರಬರ ಉಡುಪಿನಂತಿದೆ, ಆದ್ದರಿಂದ ಕೊಡವರಿಗೆ ಅರಬರೇ ಮೂಲ ಎನ್ನುವವರೂ ಇದ್ದಾರೆ. ಕೊಡಗಿನ ಗೌಡರ ಮದುವೆಯಲ್ಲೂ ಕುಪ್ಪಸ, ದಟ್ಟಿ ಇದೆ. ಅವರನ್ನು ಯಾರೂ ಅರಬಸ್ತಾನಕ್ಕೆ ಕಳಿಸುವುದಿಲ್ಲ. ಕೊಡವರ ನುಡಿಯಾದ ಕೊಡವ ತಕ್ಕ್ ದಕ್ಷಿಣ ದ್ರಾವಿಡ ಭಾಷೆ. ಕನ್ನಡದ ಉಪಭಾಷೆಯೂ ಅಲ್ಲ, ಮಲಯಾಳದ ಕಲಬೆರಕೆಯೂ ಅಲ್ಲ. ಭಾಷಾವಿಜ್ಞಾನಿ ಎಮಿನೋ 1930ರ ದಶಕದಲ್ಲೇ ಕೊಡಗಿಗೆ ಬಂದು ಅದನ್ನು ಅಭ್ಯಾಸ ಮಾಡಿದ್ದರು. ಅದಕ್ಕೂ ಮೊದಲು, 1924ರಲ್ಲಿ, ನಡಿಕೇರಿಯಂಡ ಚಿಣ್ಣಪ್ಪನವರು ಹಾಡು, ಪದ್ಧತಿಗಳನ್ನೆಲ್ಲ ಕೂಡಿಸಿ ‘ಪಟ್ಟೋಲೆ ಪಳಮೆ’ಯನ್ನು ಕನ್ನಡ ಲಿಪಿಯಲ್ಲಿ ಹೊರತಂದರು. ಇಷ್ಟು ಮಾತು, ಹಾಡು, ಕಟ್ಟುಕಟ್ಟಳೆ ಇಲ್ಲಿನ ಮಣ್ಣಿನಲ್ಲೇ ಬೆಳೆದಿರುವಾಗ ಸಮುದ್ರದ ಆಚೆಯ ಅಜ್ಜ ಯಾಕೆ ಬೇಕು? ಈ ಬೆಟ್ಟದ ಜನ ತಾವಾಗಿಯೇ ಚೆಲುವಾಗಿರಲಾರರು, ಧೀರರಾಗಿರಲಾರರು, ಅದು ಎಲ್ಲಿಂದಲೋ ಬಂದಿರಲೇಬೇಕು ಎಂಬ ಅವಮಾನ ಆ ಕಥೆಯೊಳಗಿದೆ. ನಮ್ಮವರೂ ಅದನ್ನು ಹೆಮ್ಮೆಯಿಂದ ಒಪ್ಪಿಕೊಳ್ಳುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಊಟದ ವಿಷಯಕ್ಕೆ ಹೆಚ್ಚು ಹೇಳಬೇಕಿಲ್ಲ. ಪಂದಿಕರಿ, ಕಡುಂಬುಟ್ಟು ನಮ್ಮವೇ, ರುಚಿಯವೇ. ಕಣಿಲೆಯ ಬೇಂಬಳೆ ಕರಿ, ಮಳೆಗಾಲದ ಕುಮ್ಮು, ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸ ಇವೂ ನಮ್ಮವೇ. ಕೊಡಗಿನಲ್ಲಿ ಹಂದಿ ಮುಟ್ಟದ ಮನೆಗಳು ಸಾವಿರಾರು ಇವೆ.

ಯಾಕೆಂದರೆ ಕೊಡಗಿನವರೆಲ್ಲ ಕೊಡವರಲ್ಲ. ಹೊರಗಿನವರ ತಪ್ಪು ತಿಳಿವಳಿಕೆಗಳಲ್ಲಿ ಅತಿ ದೊಡ್ಡದು ಇದು. ಬವೇರಿಯದ ಚಡ್ಡಿ ಇಡೀ ಜರ್ಮನಿಯನ್ನು ಮರೆಮಾಡಿದ ಹಾಗೆ ಇಲ್ಲಿ ಕುಪ್ಯಚೇಲೆ ಇಡೀ ಜಿಲ್ಲೆಯನ್ನು ಮರೆಮಾಡಿದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519. ದೇಶದಾದ್ಯಂತ ಕೊಡವ ತಕ್ಕನ್ನು ತಾಯಿನುಡಿ ಎಂದು ಬರೆಸಿದವರು 1,13,857 ಮಂದಿ. ಅವರೆಲ್ಲರೂ ಜಿಲ್ಲೆಯಲ್ಲೇ ಇದ್ದಾರೆಂದು ಇಟ್ಟುಕೊಂಡರೂ ಐವರಲ್ಲಿ ಒಬ್ಬರಷ್ಟೇ ಆದರು. ಆ ಭಾಷೆ ಆಡುವವರಲ್ಲಿ ಹೆಗ್ಗಡೆಯರು, ಐರಿಗಳು, ಕೆಂಬಟ್ಟಿಗಳು, ಕೊಡವ ಮನೆತನದ ಹೆಸರನ್ನೇ ಉಳಿಸಿಕೊಂಡ ಮಾಪಿಳ್ಳೆ ಮುಸ್ಲಿಮರು ಎಲ್ಲರೂ ಸೇರುತ್ತಾರೆ. ಉಳಿದ ನಾಲ್ವರ ಮನೆಯ ಮಾತು ಅರೆಭಾಷೆ, ಮಲಯಾಳ, ಕನ್ನಡ, ತುಳು, ಎರವ, ಕುರುಬ ನುಡಿಗಳು.

ಚರಿತ್ರೆಯೂ ಹಾಗೆಯೇ. 1834ರವರೆಗೆ ಕೊಡಗನ್ನು ಆಳಿದ ಹಾಲೇರಿ ಅರಸರು ಲಿಂಗಾಯತರು. ಬ್ರಿಟಿಷರ ವಿರುದ್ಧ 1837ರಲ್ಲಿ ನಡೆದ ಅಮರ ಸುಳ್ಯ ದಂಗೆಯಲ್ಲಿ ಮುಂದಿದ್ದವರು ಅರೆಭಾಷೆ ಗೌಡರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದರು. 1857ರ ದಂಗೆಗೆ 20 ವರ್ಷ ಮೊದಲಿನ ಮಾತು ಇದು. ಕನ್ನಡದ ಮೊದಲ ಕಥೆಗಾರ್ತಿಯರಲ್ಲಿ ಒಬ್ಬರಾದ ಗೌರಮ್ಮ 1912ರಲ್ಲಿ ಹುಟ್ಟಿದ್ದು ಮಡಿಕೇರಿಯ ಬ್ರಾಹ್ಮಣ ಮನೆಯಲ್ಲಿ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತು ಅವರನ್ನು ಕರೆಸಿಕೊಂಡು ಮೈಮೇಲಿನ ಒಡವೆಗಳನ್ನು ಒಪ್ಪಿಸಿದವರು ಅವರು. 27ನೆಯ ವಯಸ್ಸಿಗೆ ನೀರುಪಾಲಾದರು. ನಾಡು ಅವರನ್ನು ಇಂದಿಗೂ ‘ಕೊಡಗಿನ ಗೌರಮ್ಮ’ ಎಂದೇ ಕರೆಯುತ್ತದೆ. ಕನ್ನಡಿಗರ ಬಾಯಲ್ಲಿ ಕೊಡಗನ್ನು ಹಾಡಾಗಿಸಿದ ‘ಹುತ್ತರಿ ಹಾಡು’ ಬರೆದವರು ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಬಂಟ್ವಾಳದ ಪಂಜೆ ಮಂಗೇಶರಾಯರು.

ಈ ತಪ್ಪಿನಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ನಷ್ಟವಾಗುವುದು ಚಿತ್ರದಲ್ಲಿ ಜಾಗವೇ ಸಿಗದವರಿಗೆ. ‘ಕೊಡಗಿನವರಿಗೇನಪ್ಪ, ಎಲ್ಲ ಎಸ್ಟೇಟ್ ಮಾಲೀಕರು’ ಎಂಬ ಮಾತನ್ನು ಸರ್ಕಾರಿ ಕಚೇರಿಗಳಲ್ಲೂ ಆಡುತ್ತಾರೆ. ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿಯವರು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಕುಸಿದಾಗ ಒಂದೇ ರಾತ್ರಿಯಲ್ಲಿ ಮನೆ, ತೋಟ, ದಾರಿ ಎಲ್ಲ ಕಳೆದುಕೊಂಡವರಲ್ಲಿ ಅಂಥವರೇ ಹೆಚ್ಚು. ಅವರಿಗೂ ಕೆಳಗೆ, ತೋಟದ ಕೂಲಿಗಳ ಲೈನ್‌ಮನೆಗಳಲ್ಲಿ ತಲೆಮಾರುಗಳಿಂದ ಇರುವ ಎರವರು, ಜೇನುಕುರುಬರು. ಸ್ವಂತದ್ದೆಂದು ಒಂದು ಸೆಂಟು ಜಾಗವಿಲ್ಲದವರು.

ಮೋಗ್ಲಿಂಗರ ವಿಷಯದಲ್ಲಿ ನಾನು ಮರೆಯದೆ ಹೇಳಬೇಕಾದ್ದು ಇಲ್ಲಿದೆ. ಕೊಡಗಿನಲ್ಲಿ ಅವರ ಕೈಯಿಂದ ಎದ್ದ ಊರು ಸಿದ್ದಾಪುರದ ಕಡೆಯ ಆನಂದಪುರ. ಗದ್ದೆಗಳಲ್ಲಿ ಜೀತಕ್ಕಿದ್ದ ದಲಿತ ಕುಟುಂಬಗಳಿಗೆ ಅಲ್ಲಿ ನೆಲೆ ಕೊಟ್ಟರು. ಮತಾಂತರದ ಉದ್ದೇಶ ಅದರಲ್ಲಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ತಮ್ಮ ಕಾಲದ ಪುಸ್ತಕಗಳು ಯಾರ ಹೊಗಳಿಕೆಯಲ್ಲಿ ಮುಳುಗಿದ್ದವೋ ಅವರನ್ನು ದಾಟಿ, ಅವರ ಗದ್ದೆಯಲ್ಲಿ ಬಗ್ಗಿ ನಿಂತವರ ಕಡೆಗೂ ಆ ಮನುಷ್ಯ ನೋಡಿದರು. ಅದಾಗಿ ಒಂದೂವರೆ ಶತಮಾನ ಕಳೆದ ಮೇಲೆ, 2016ರ ಡಿಸೆಂಬರಿನಲ್ಲಿ, ಅದೇ ಸಿದ್ದಾಪುರ ಸೀಮೆಯ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಲಾಯಿತು. ಚಳಿಯಲ್ಲಿ ಬಯಲಿಗೆ ಬಿದ್ದ ಆ ಜನ ಹೋರಾಡಿದ ಮೇಲೆ ಅವರಿಗೆ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ನೆಲೆ ಸಿಕ್ಕಿತು. ಆಗ ಹೊರಗಿನ ಎಷ್ಟೋ ಮಂದಿ ಅಚ್ಚರಿಪಟ್ಟು ಕೇಳಿದ್ದು ‘ಕೊಡಗಿನಲ್ಲೂ ಆದಿವಾಸಿಗಳಿದ್ದಾರಾ?’ ಎಂದು. ಅವರು ಈ ಕಾಡಿನ ಮೊದಲ ನಿವಾಸಿಗಳು.

ನಾವೂ ಇದೇ ತಪ್ಪನ್ನು ಇನ್ನೊಬ್ಬರಿಗೆ ಮಾಡುತ್ತೇವೆ. ಅಸ್ಸಾಮಿನಿಂದ ಕೆಲಸಕ್ಕೆ ಬಂದವರನ್ನು ಹೆಸರು, ಊರು ವಿಚಾರಿಸದೆ ‘ಬಾಂಗ್ಲಾದವರು’ ಎಂದುಬಿಡುತ್ತೇವೆ. ಇಂದು ಅವರ ಕೈ ಇಲ್ಲದಿದ್ದರೆ ಎಷ್ಟೋ ತೋಟಗಳಲ್ಲಿ ಕಾಫಿ ಗಿಡದಲ್ಲೇ ಉದುರಿಹೋದೀತು. ಮಲಯಾಳಿ ಅಂದರೆ ವ್ಯಾಪಾರಿ ಎನ್ನುತ್ತೇವೆ. ಘಟ್ಟದ ಕೆಳಗಿನವರ ಬಗ್ಗೆ, ಬಯಲುಸೀಮೆಯವರ ಬಗ್ಗೆ ನಮ್ಮಲ್ಲೂ ಸಿದ್ಧವಾದ ಮಾತುಗಳಿವೆ. ನಮ್ಮನ್ನು ಅರ್ಥ ಮಾಡಿಕೊಳ್ಳಿ ಎಂದು ಹೊರಗಿನವರನ್ನು ಕೇಳುವ ಹಕ್ಕು ನಮಗೆ ಬರಬೇಕಾದರೆ ಮೊದಲು ಈ ಮಾತುಗಳು ನಮ್ಮ ಬಾಯಿಂದ ಹೋಗಬೇಕು.

ಈ ಸಲದ ರಜೆಗೆ ಕೊಡಗಿಗೆ ಬರುವವರಲ್ಲಿ ಒಂದು ಕೋರಿಕೆ. ರಾಜಾಸೀಟು, ಅಬ್ಬಿ, ತಲಕಾವೇರಿ ಎಲ್ಲ ನೋಡಿ. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ, ಅಪ್ಪಯ್ಯ ಗೌಡರ ಪ್ರತಿಮೆಯಿದೆ, ಅವನ್ನೂ ನೋಡಿ. ಹೋಂಸ್ಟೇಯವರು ತೋಟ ಸುತ್ತಿಸುವಾಗ, ಗಿಡದ ನಡುವೆ ಹಣ್ಣು ಕೊಯ್ಯುತ್ತಿರುವವರು ಕಂಡರೆ ಫೋಟೊ ತೆಗೆಯುವ ಮೊದಲು ಎರಡು ನಿಮಿಷ ನಿಂತು ಮಾತನಾಡಿಸಿ. ಅವರ ಹೆಸರು ಕೇಳಿ, ಊರು ಕೇಳಿ, ಮನೆಯಲ್ಲಿ ಯಾವ ಮಾತು ಆಡುತ್ತೀರಿ ಎಂದು ಕೇಳಿ. ಅವರು ಹೇಳುವುದೂ ಕೊಡಗಿನ ಮಾತೇ.